ಹನ್ನೊಂದನೇ ನಂಬರಿನ ಟ್ಯೂಬು

ಸೋಮವಾರ, ಜೂನ್ 3

ಸೂಜಿ,

ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೂ ಮೂರನೇ ಮಾತಿಗೇ ಜಗಳ ಹತ್ತಿಕೊಳ್ಳುತ್ತದೆ. ಶನಿವಾರವೂ ಹಾಗೇ ಆಯಿತು. ಅದಕ್ಕೇ ಇದನ್ನು ಬರೆದು ಸ್ಯಾಂಪಲ್ ಡಬ್ಬಿಯ ಹೊರಜೇಬಿನಲ್ಲಿ ಇಟ್ಟಿದ್ದೇನೆ. ಗಾಡಿ ಓಡಿಸುವವರು ಹೇಗೂ ನಿಮ್ಮಣ್ಣ. ಹೆಂಡತಿಯ ಕಾಗದವನ್ನು ತಂಗಿಗೆ ಕೊಡಲು ಅವರೇನೂ ಅಂಚೆ ಚೀಟಿ ಕೇಳುವುದಿಲ್ಲ. ಸೋಮವಾರ, ಗುರುವಾರ ಡಬ್ಬಿ ನಿನ್ನ ಲ್ಯಾಬಿಗೆ ಬರುತ್ತದೆ. ಮಾರನೇ ದಿನ ಖಾಲಿ ಡಬ್ಬಿ ನಮ್ಮ ಆಸ್ಪತ್ರೆಗೆ ವಾಪಸು. ಉತ್ತರ ಬರೆಯುವ ಮನಸ್ಸಿದ್ದರೆ ಅದೇ ಜೇಬಿಗೆ ಹಾಕು.

ಅತ್ತೆಯ ಜ್ವರ ಇಳಿಯಲಿಲ್ಲ. ಶನಿವಾರ ಸಂಜೆಯೇ ತಂದು ನನ್ನ ವಾರ್ಡಿಗೆ ಸೇರಿಸಿದೆ. ಪಕ್ಕದ ಮನೆಯವರಿಗೆ ಬಂದಿದ್ದೇ ಇವರಿಗೂ ಬಂದಿರಬೇಕು, ಅವರ ರವಿಕೆಯ ಅಳತೆ ತೆಗೆದುಕೊಳ್ಳಲು ಹೋಗಿದ್ದರಂತೆ. ಹೊಲಿಗೆ ಅಂಗಡಿ ಮುಚ್ಚಿ ಮೂರು ವರ್ಷವಾದರೂ ಅಳತೆ ಟೇಪು ಕುತ್ತಿಗೆಯಿಂದ ಇಳಿದಿಲ್ಲ. ನಮ್ಮ ವಾರ್ಡಿನ ಪರದೆಯ ಹೊಲಿಗೆ ನೋಡಿ, ಇದನ್ನು ಹೊಲಿದವನ ಕೈ ಮುರಿಯ ಅಂತ ಬೈದರು. ಬೈಗುಳ ಗಟ್ಟಿಯಾಗಿದೆ. ಉಸಿರು ಅಷ್ಟು ಗಟ್ಟಿಯಾಗಿಲ್ಲ.

ನಮ್ಮ ಡಾಕ್ಟರ ಹತ್ತಿರ ಇರುವುದು ಎರಡು ಮದ್ದು. ವೈರಸ್ಸು ಹಳೆಯ ಬಗೆಯದಾದರೆ ಇಂಜೆಕ್ಷನ್. ಹೊಸ ಬಗೆಗೆ ಆ ಇಂಜೆಕ್ಷನ್ ಬರೀ ನೀರು ಚುಚ್ಚಿದ ಹಾಗೆ. ಮಾತ್ರೆ ಎರಡಕ್ಕೂ ನಾಟುತ್ತದೆ, ಆದರೆ ಅತ್ತೆ ನುಂಗುವ ಹೃದಯದ ಮಾತ್ರೆಗೂ ಅದಕ್ಕೂ ಎಣ್ಣೆ ಸೀಗೇಕಾಯಿ. ಒಂದನ್ನು ನಿಲ್ಲಿಸಿಯೇ ಇನ್ನೊಂದು ಕೊಡಬೇಕು, ನಿಲ್ಲಿಸಿದರೆ ಎದೆಬಡಿತ ಹೇಗೆ ತಿರುಗುತ್ತದೋ ಹೇಳಲಾಗದು. ಬೇರೆ ದಾರಿ ಇಲ್ಲ ಅಂತ ಗೊತ್ತಾಗದೆ ಡಾಕ್ಟರು ಅದಕ್ಕೆ ಕೈ ಹಾಕುವುದಿಲ್ಲ. ಏನೇ ಕೊಡಲಿ, ಜ್ವರ ಬಂದ ಮೊದಲ ಕೆಲವು ದಿನದಲ್ಲೇ ಕೊಡಬೇಕು. ಅಲ್ಲಿಗೆ ಎಲ್ಲ ನಿನ್ನ ವರದಿಯ ಮೇಲೆ ನಿಂತಿದೆ.

ಟ್ಯೂಬು ಈ ಡಬ್ಬಿಯಲ್ಲಿದೆ. ನಂಬರು ಹೇಳಬೇಡಿ ಅಂತ ಅಪ್ಪಣೆ ಕೊಡಿಸಿದ್ದೀಯಲ್ಲ, ಹೇಳುತ್ತಿಲ್ಲ.

ನಿನ್ನ ಅತ್ತಿಗೆ

—

ಮಂಗಳವಾರ, ಜೂನ್ 4

ಅತ್ತಿಗೆ,

ಅಪ್ಪಣೆ ಅಲ್ಲ, ಕೇಳಿಕೊಂಡದ್ದು. ಅದನ್ನು ನೀವು ಅಪ್ಪಣೆ ಅಂತ ಕೇಳಿಸಿಕೊಂಡರೆ ನಾನೇನು ಮಾಡಲಿ.

ಯಾಕೆ ಬೇಡ ಅಂದೆ ಅಂತ ಶನಿವಾರ ಹೇಳುವ ಮೊದಲೇ ನೀವು ಫೋನ್ ಇಟ್ಟಿರಿ. ಹೋದ ವರ್ಷ ನನ್ನ ಪಕ್ಕದ ಮೇಜಿನವಳಿಗೆ ಅವಳ ಗಂಡನ ನಂಬರು ಗೊತ್ತಿತ್ತು. ನಾವು ಮಾಡುವ ಪರೀಕ್ಷೆ ವೈರಸ್ಸನ್ನು ಪೂರ್ತಿ ಓದುವುದಲ್ಲ. ಅದರ ಮೈಮೇಲೆ ನಾಲ್ಕು ಕಡೆ ಗುರುತು ಹುಡುಕುವುದು. ಪ್ರತಿ ಗುರುತಿಗೂ ಎರಡು ಬಣ್ಣದ ಬೆಳಕು: ಹಳೆಯದಾದರೆ ಹಸಿರು ಏರುತ್ತದೆ, ಹೊಸದಾದರೆ ಕೆಂಪು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆ ಬೆಳಕು ಕಂಪ್ಯೂಟರಿನಲ್ಲಿ ಗೆರೆಯಾಗಿ ಏಳುತ್ತದೆ, ಚೆನ್ನಾಗಿ ಎದ್ದರೆ ಕುರುಡನೂ ಓದಬಹುದು. ಮಂಕಾಗಿ ಎದ್ದಾಗಲೇ ಕಷ್ಟ. ಅವಳ ಗಂಡನದು ಮಂಕಾಗಿ ಎದ್ದಿತ್ತು. ಅವಳಿಗೆ ಬೇಕಾದ ಬಣ್ಣ ಅವಳಿಗೆ ಕಂಡಿತು. ಗಂಡ ಉಳಿದ, ಅದು ಬೇರೆ ಮಾತು. ಆದರೆ ಅವನಿಗೆ ಕೊಟ್ಟದ್ದು ತಪ್ಪು ಮದ್ದು. ನಾನೂ ಅಮ್ಮನ ಗೆರೆ ನೋಡಿದರೆ ಗೆರೆ ನೋಡುವುದಿಲ್ಲ, ಅಮ್ಮನನ್ನು ನೋಡುತ್ತೇನೆ. ಅದಕ್ಕೇ ಬೇಡ ಅಂದದ್ದು.

ನಿಮ್ಮ ಡಬ್ಬಿಯ ಹದಿನೆಂಟು ಟ್ಯೂಬನ್ನೂ ನಿನ್ನೆ ಸಂಜೆಯೇ ಹಾಕಿದೆ. ಒಂದರಲ್ಲಿ ಓದುವಷ್ಟು ವೈರಸ್ಸು ಇರಲಿಲ್ಲ, ಅದು ಯಾರೋ ಎಳೆ ಮಗುವಿನದು ಅಂತ ಮೂಗಿಗೆ ಹಾಕಿದ ಸಣ್ಣ ಕಡ್ಡಿಯೇ ಹೇಳುತ್ತದೆ. ಹದಿನಾರು ಸ್ಪಷ್ಟವಾಗಿ ಬಂದವು. ಅಮ್ಮನದು ಅದರಲ್ಲೇ ಇರಬೇಕು, ನೀವು ಈಗಾಗಲೇ ನೋಡಿರುತ್ತೀರಿ. ಯಾವುದು ಅಂತ ನನಗೆ ಬೇಡ. ಮದ್ದು ಕೊಟ್ಟಿರಾ ಅಂತ ಮಾತ್ರ ಬರೆಯಿರಿ.

ಉಳಿದದ್ದು ಹನ್ನೊಂದನೇ ನಂಬರು. ಅದರ ಕಥೆ ಕೇಳಿ. ನಾಲ್ಕೂ ಗುರುತಿನಲ್ಲಿ ಹಸಿರೂ ಎದ್ದಿದೆ, ಕೆಂಪೂ ಎದ್ದಿದೆ. ಲ್ಯಾಬಿನವರೆಲ್ಲ ಕುರ್ಚಿ ಬಿಟ್ಟು ಬಂದು ನೋಡಿದರು. ನಮ್ಮ ಮೇಡಂ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ಹೀಗೆ ಆಗುವುದು ಇಬ್ಬರ ಮೂಗಿನದು ಒಂದೇ ಟ್ಯೂಬಿನಲ್ಲಿ ಬೆರೆತಾಗ. ಬೇಜಾರು ಮಾಡಿಕೊಳ್ಳಬೇಡಿ ಅತ್ತಿಗೆ, ನಿಮ್ಮ ನರ್ಸ್ ಹುಡುಗಿಯರು ಒಬ್ಬರಿಗೆ ಹಾಕಿದ ಕೈಗವಸಿನಲ್ಲೇ ಇನ್ನೊಬ್ಬರ ಮೂಗಿಗೂ ಹೋಗುತ್ತಿದ್ದಾರೆ. 'ನಿರ್ಧರಿಸಲಾಗಿಲ್ಲ, ಹೊಸ ಸ್ಯಾಂಪಲ್ ಕಳಿಸಿ' ಅಂತ ವರದಿ ಹಾಕಿದ್ದೇನೆ. ಹುಡುಗಿಯರಿಗೆ ಸ್ವಲ್ಪ ಹೇಳಿ.

ಪರದೆ ಬಿಚ್ಚಿ ಅಮ್ಮನ ಕೈಗೆ ಕೊಡಿ. ಅವರೇ ಹೊಲಿದುಕೊಳ್ಳಲಿ, ಜ್ವರ ಮರೆಯುತ್ತದೆ.

ಸೂಜಿ

—

ಗುರುವಾರ, ಜೂನ್ 6

ಸೂಜಿ,

ಹನ್ನೊಂದರ ಸ್ಯಾಂಪಲ್ ತೆಗೆದದ್ದು ಹುಡುಗಿಯರಲ್ಲ, ನಾನು. ಹೊಸ ಕೈಗವಸು, ಹೊಸ ಕಡ್ಡಿ, ಟ್ಯೂಬಿನ ಮುಚ್ಚಳ ತೆಗೆದದ್ದೂ ಹಾಕಿದ್ದೂ ನಾನೇ, ಲೇಬಲ್ ಅಂಟಿಸಿದ್ದೂ ನಾನೇ. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ವಾರ್ಡಿನಲ್ಲಿ ಕೈಗವಸು ಬದಲಿಸದವಳಿಗೆ ಮಧ್ಯಾಹ್ನದ ಊಟ ಇಳಿಯದ ಹಾಗೆ ಮಾಡುತ್ತೇನೆ, ನಿಮ್ಮಣ್ಣನನ್ನು ಕೇಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಸ್ಯಾಂಪಲ್ ಹಾಕುವ ತಟ್ಟೆಯಲ್ಲಿ ತೊಂಬತ್ತಾರು ಗುಳಿ ಇವೆ ಅಂತ ನೀನೇ ಒಮ್ಮೆ ಜಂಬ ಕೊಚ್ಚಿಕೊಂಡಿದ್ದೆ. ಗೋಡೆ ಒಂದೇ, ಮನೆ ಎರಡು ಅನ್ನುವಷ್ಟು ಹತ್ತಿರ. ಒಂದರ ಹನಿ ಇನ್ನೊಂದಕ್ಕೆ ಹಾರಿರುವುದಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ? ನಿನ್ನ ಮೇಡಂ ಕನ್ನಡಕ ಒರೆಸಿಕೊಳ್ಳುವ ಬದಲು ಮೇಜು ಒರೆಸಲಿ.

ಹನ್ನೊಂದರಿಂದ ಹೊಸ ಸ್ಯಾಂಪಲ್ ತೆಗೆದು ಇವತ್ತಿನ ಡಬ್ಬಿಯಲ್ಲಿ ಕಳಿಸಿದ್ದೇನೆ. ನಂಬರು ಅದೇ, ಪಕ್ಕದಲ್ಲಿ 'ಎರಡನೇ ಸಲ' ಅಂತ ಬರೆದಿದ್ದೇನೆ. ವಯಸ್ಸಾದ ಹೆಂಗಸು. ನಿನ್ನೆಯಿಂದ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದೇವೆ, ಅದನ್ನು ಪದೇಪದೇ ಕಿತ್ತುಹಾಕುತ್ತಾರೆ. ಡಾಕ್ಟರಿಗೆ ಆ ಕಡೆಯೂ ಧೈರ್ಯವಿಲ್ಲ, ಈ ಕಡೆಯೂ ಇಲ್ಲ. ಬಗೆ ಗೊತ್ತಾಗದೆ ಇಂಜೆಕ್ಷನ್ ಕೊಡಲು ಮೇಲಿನವರ ಅನುಮತಿ ಇಲ್ಲ, ಬೇರೆ ಕಾಯಿಲೆ ಇರುವುದರಿಂದ ಮಾತ್ರೆಗೂ ಹಿಂಜರಿಯುತ್ತಿದ್ದಾರೆ. ದಿನ ಹೋಗುತ್ತಿದೆ. ಅವರಿಗೆ ಮಕ್ಕಳಿದ್ದಾರೆ, ಸೂಜಿ. ಒಂದು ಸಲ ಸರಿಯಾಗಿ ನೋಡು. ಇನ್ನೊಂದು ಕಡೆಯಿಂದ ನೋಡಲು ಬರುತ್ತದಾ, ಬೇರೆ ಏನಾದರೂ ಪರೀಕ್ಷೆ ಇದೆಯಾ, ನಿನ್ನ ಮೇಡಮ್ಮನನ್ನು ಕೇಳು.

ಅತ್ತೆ ಹಾಗೇ ಇದ್ದಾರೆ.

ಅತ್ತಿಗೆ

—

ಶುಕ್ರವಾರ, ಜೂನ್ 7

ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಮೇಡಮ್ಮಿಗೆ ತೋರಿಸಲಿಲ್ಲ. ತೋರಿಸಿದ್ದರೆ ನಮ್ಮ ಮನೆತನದ ಮರ್ಯಾದೆ ಅಲ್ಲಿಗೆ ಮುಗಿಯುತ್ತಿತ್ತು.

ನೀವು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಮೊದಲ ಟ್ಯೂಬಿನಲ್ಲಿ ಉಳಿದದ್ದನ್ನು ಬೇರೆ ಮೇಜಿನ ಮೇಲೆ, ಬೇರೆ ತಟ್ಟೆಯಲ್ಲಿ, ಸುತ್ತ ಒಂದೂ ಗುಳಿ ತುಂಬದೆ ಮತ್ತೆ ಹಾಕಿದೆ. ಎರಡೂ ಬಣ್ಣ ಎದ್ದವು. ಬರೀ ನೀರು ಹಾಕಿದ ಗುಳಿಗಳಲ್ಲಿ ಏನೂ ಏಳಲಿಲ್ಲ. ಅಂದರೆ ನನ್ನ ಮೇಜಿನಲ್ಲಿ ಕೊಳೆ ಇಲ್ಲ. ಹೊಸ ಟ್ಯೂಬನ್ನೂ ಹಾಕಿದೆ. ಅದರಲ್ಲೂ ಎರಡೂ. ಬೆರೆತದ್ದು ಇಲ್ಲಿಗೆ ಬರುವ ಮುಂಚೆ. ಅದೇ ಕೈ, ಅದೇ ಕೊಳೆ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಅಂತಾರೆ, ನಿಮ್ಮದನ್ನು ನಾನು ಎರಡು ಸಲ ತೋರಿಸಿದ್ದೇನೆ.

ಎರಡು ಸಲ ನಿರ್ಧಾರವಾಗದಿದ್ದರೆ ಪೂರ್ತಿ ಓದಲು ಕಳಿಸಬೇಕು ಅನ್ನುವುದು ನಿಯಮ. ಕಳಿಸಿದ್ದೇನೆ. ಅದಕ್ಕೆ ಎರಡು ವಾರ ಹಿಡಿಯುತ್ತದೆ.

ಇನ್ನೊಂದು ಮಾತು, ಬೇಡ ಅಂದರೂ ಹೇಳುತ್ತೇನೆ. ನಿಮ್ಮ ಕಾಗದದಲ್ಲಿ ಹನ್ನೊಂದಕ್ಕೆ ಒಂದು ಪುಟ, ಅಮ್ಮನಿಗೆ ಮೂರು ಪದ. 'ಅತ್ತೆ ಹಾಗೇ ಇದ್ದಾರೆ.' ಹೇಗೆ? ಮದ್ದು ಕೊಟ್ಟಿರಾ ಅಂತ ಕೇಳಿದ್ದೆ, ಅದಕ್ಕೆ ಉತ್ತರವೇ ಇಲ್ಲ. ಡಬ್ಬಿ ಇಳಿಸಿಕೊಳ್ಳುವ ಕಿಟಕಿಯ ಹತ್ತಿರ ಅಣ್ಣನನ್ನು ಕೇಳಿದರೆ, ಏನಿಲ್ಲ ಬಿಡು, ಬೈತಾ ಇದಾರೆ ಅಂದ. ಅವನ ಬಾಯಲ್ಲಿ ಜಗತ್ತೆಲ್ಲ ಚೆನ್ನಾಗಿಯೇ ಇರುತ್ತದೆ. ಹನ್ನೊಂದು ಯಾರೋ ದೊಡ್ಡವರ ಮನೆಯವರು ಇರಬೇಕು, ನಿಮ್ಮ ಮೇಲೆ ಯಾರೋ ಒತ್ತಡ ಹಾಕುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತಿದೆ. ಹಾಗಿದ್ದರೆ ಅವರಿಗೆ ಹೇಳಿ: ಲ್ಯಾಬಿನಲ್ಲಿ ಎಲ್ಲರೂ ಸಾಲಿನಲ್ಲೇ ನಿಲ್ಲಬೇಕು. ನಮ್ಮಮ್ಮನೇ ಆಗಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ.

ಸೂಜಿ

—

ಸೋಮವಾರ, ಜೂನ್ 10

ಸೂಜಿ,

ಹನ್ನೊಂದು ನಿಮ್ಮಮ್ಮ.

ಕೂತುಕೊಂಡು ಓದು. ಮೊದಲ ಸಲ ನೀನು ಹೇಳಬೇಡಿ ಅಂದದ್ದಕ್ಕೆ ಹೇಳಲಿಲ್ಲ. ಎರಡನೇ ಸಲ ನಿನ್ನ ಕೈಗವಸಿನ ಮಾತಿಗೆ ಮೈಯೆಲ್ಲ ಉರಿದುಹೋಗಿ ಹೇಳಲಿಲ್ಲ. ಇವಳ ಅಪ್ಪಣೆಯನ್ನೇ ಪಾಲಿಸುತ್ತೇನೆ, ನೋಡಿಯೇಬಿಡೋಣ ಅಂತ. ಹೇಳಿದ್ದರೆ ನೀನು ಗುರುವಾರವೇ ಬೇರೆ ಥರ ನೋಡುತ್ತಿದ್ದೆಯೋ ಏನೋ. ಶುಕ್ರವಾರ ನಿನ್ನ ಕಾಗದ ಓದಿದ ಮೇಲೆ ಫೋನ್ ಕೈಗೆ ತೆಗೆದುಕೊಂಡೆ. ಅತ್ತೆ ತಡೆದರು. ಅವಳ ಕೈಯಲ್ಲಿ ಊರಿನವರ ಕೆಲಸ ಇರುತ್ತದೆ, ಗಾಬರಿ ಮಾಡಬೇಡ ಅಂದರು. ಅವರ ಮಾತು ನಾನು ಕೇಳಬಾರದಿತ್ತು. ನಿಮ್ಮಣ್ಣನ ಬಾಯನ್ನೂ ನಾನೇ ಕಟ್ಟಿದ್ದೆ. ಅವರನ್ನು ಬೈಯಬೇಡ.

ಶನಿವಾರ ಭಾನುವಾರ ನಿನ್ನ ಕಾಗದ ನಾಲ್ಕೈದು ಸಲ ಓದಿದೆ, ಬೈಗುಳ ಬಿಟ್ಟು. ನಿನ್ನ ಮೇಜು ಚೊಕ್ಕ, ಒಪ್ಪಿದೆ. ನನ್ನ ಕೈಯೂ ಚೊಕ್ಕ, ಅದು ನನಗೆ ಗೊತ್ತು. ಇಬ್ಬರದೂ ಚೊಕ್ಕ ಅಂದರೆ ಉಳಿಯುವುದೇನು? ಅತ್ತೆಯ ಮೈಯಲ್ಲೇ ಎರಡೂ ಇರಬೇಕು.

ಹೇಗೆ ಬಂತು ಅಂತಲೂ ಗೊತ್ತಾಯಿತು. ಪಕ್ಕದ ಮನೆಯವರದು ಹಳೆಯದು, ವರದಿ ನೋಡಿದೆ. ಅದು ಮನೆಯಿಂದ ಬಂದದ್ದು. ವರದಿ ಬರುವ ತನಕ ನಮ್ಮಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಮಲಗಿಸುತ್ತೇವೆ. ಅತ್ತೆಯ ಪಕ್ಕದ ಹಾಸಿಗೆಯಲ್ಲಿದ್ದ ಬಸ್ ಕಂಡಕ್ಟರಿಗೆ ಇದ್ದದ್ದು ಹೊಸದು, ಅವನು ಇಡೀ ದಿನ ಕೆಮ್ಮುತ್ತಿದ್ದ. ಹೋದ ಸೋಮವಾರ ನಾನು ಸ್ಯಾಂಪಲ್ ತೆಗೆಯುವ ಹೊತ್ತಿಗೇ ಅದು ಅವರ ಮೂಗು ಸೇರಿತ್ತು. ಆ ಹಾಸಿಗೆ ಆರಿಸಿದ್ದು ನಾನು. ನನ್ನ ಮೇಜಿನಿಂದ ನೇರ ಕಾಣುತ್ತದೆ, ಕಣ್ಣ ಮುಂದೆ ಇರಲಿ ಅಂತ.

ಮೂರನೇ ಟ್ಯೂಬು ಡಬ್ಬಿಯಲ್ಲಿದೆ. ನಿನ್ನ ಪರೀಕ್ಷೆ ನಮಗೆ ಮೊದಲ ದಿನವೇ ಉತ್ತರ ಹೇಳಿತ್ತು ಅಂತ ನನಗೆ ಅನ್ನಿಸುತ್ತದೆ. 'ಎರಡೂ' ಅನ್ನುವುದೇ ಆ ಉತ್ತರ. ಎರಡೂ ಅಂತ ನೀವು ಬರೆದುಕೊಟ್ಟರೆ ಡಾಕ್ಟರು ಮಾತ್ರೆಗೆ ಸಿದ್ಧ ಇದ್ದಾರೆ. ಬರೆದುಕೊಡದೆ ಅವರು ಹೃದಯದ ಮಾತ್ರೆ ನಿಲ್ಲಿಸುವುದಿಲ್ಲ. ನಿನ್ನೆಗಿಂತ ಇವತ್ತು ಏದುಸಿರು ಹೆಚ್ಚು.

ಅತ್ತಿಗೆ

—

ಮಂಗಳವಾರ, ಜೂನ್ 11

ಅತ್ತಿಗೆ,

ನಿನ್ನೆ ಫೋನಿನಲ್ಲಿ ನಾವಿಬ್ಬರೂ ಜಗಳ ಆಡಲಿಲ್ಲ. ಉಸಿರು ಎಷ್ಟು, ಆಮ್ಲಜನಕ ಎಷ್ಟು, ವರದಿ ಎಷ್ಟು ಹೊತ್ತಿಗೆ ಅಂತ ಅಂಕಿ ಹೇಳಿಕೊಂಡು ಇಟ್ಟೆವು. ಉಳಿದದ್ದು ಇಲ್ಲಿ ಬರೆಯುತ್ತಿದ್ದೇನೆ.

ಕಾಗದ ಓದಿದ್ದು ಕಿಟಕಿಯ ಹತ್ತಿರವೇ, ನಿಂತುಕೊಂಡೇ. ಅಣ್ಣ ಡಬ್ಬಿ ಇಳಿಸುತ್ತಿದ್ದ. ಅವನ ಮುಖ ನೋಡಿದೆ, ಅವನು ನೆಲ ನೋಡಿದ. ಟ್ಯೂಬು ತೆಗೆದುಕೊಂಡು ಒಳಗೆ ಹೋದೆ, ಪಕ್ಕದ ಮೇಜಿನವಳ ಕೈಗೆ ಕೊಟ್ಟೆ. ನಾನು ಹಾಕಲಿಲ್ಲ, ಹಿಂದೆ ನಿಂತುಕೊಂಡೆ.

ಮೂರರಲ್ಲೂ ಎರಡು ಬಣ್ಣ. ಆಮೇಲೆ ಮೂರೂ ಗೆರೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆವು. ಮೊದಲ ಟ್ಯೂಬಿನಲ್ಲಿ ಹಸಿರು ಜೋರು, ಕೆಂಪು ಹಿಂದೆ. ಎರಡನೆಯದರಲ್ಲಿ ಸರಿಸಮ. ನಿನ್ನೆಯದರಲ್ಲಿ ಕೆಂಪು ಮುಂದೆ. ಕೊಳೆ ಒಂದು ಸಲ ಹೆಚ್ಚು ಬೀಳಬಹುದು, ಒಂದು ಸಲ ಕಡಿಮೆ. ದಿನದಿಂದ ದಿನಕ್ಕೆ ಕ್ರಮವಾಗಿ ಬೆಳೆಯುವುದಿಲ್ಲ. ಬೆಳೆಯುವುದು ಜೀವ ಇರುವುದು, ಅದು ಅಮ್ಮನ ಒಳಗೆ ಬೆಳೆಯುತ್ತಿತ್ತು. ಮೇಡಂ ಒಂದು ನಿಮಿಷವೂ ತಡಮಾಡದೆ 'ಎರಡೂ ಬಗೆ ಇವೆ' ಅಂತ ಬರೆದು ಸಹಿ ಹಾಕಿದರು.

ಎರಡು ಗೆರೆ ಶುಕ್ರವಾರವೇ ನನ್ನ ಮುಂದೆ ಇದ್ದವು. ಪಕ್ಕಪಕ್ಕ ಇಟ್ಟು ನೋಡಿದ್ದರೆ ಅವತ್ತೇ ಕೆಂಪು ಏರಿದ್ದು ಕಾಣುತ್ತಿತ್ತು. ನಾನು ಒಂದೊಂದನ್ನೇ ನೋಡಿದೆ, ನಿಮ್ಮದು ತಪ್ಪು ಅಂತ ತೋರಿಸಲು ಎಷ್ಟು ಬೇಕೋ ಅಷ್ಟನ್ನೇ ನೋಡಿದೆ. ಅಮ್ಮನ ನಂಬರು ಗೊತ್ತಿದ್ದರೆ ಕಣ್ಣು ಮೋಸ ಮಾಡುತ್ತದೆ ಅಂತ ಹೆದರಿದ್ದೆ. ಗೊತ್ತಿಲ್ಲದೆಯೂ ಮೋಸ ಮಾಡಿತು.

ಮಾತ್ರೆ ಶುರುವಾಯಿತು ಅಂತ ಬೆಳಿಗ್ಗೆ ಅಣ್ಣನಿಂದ ತಿಳಿಯಿತು. ನನ್ನನ್ನು ಒಳಗೆ ಬಿಡುತ್ತಾರಾ ಕೇಳಿ.

ಸೂಜಿ

—

ಗುರುವಾರ, ಜೂನ್ 13

ಸೂಜಿ,

ಸೋಮವಾರ ಕತ್ತಲಾಗುವ ಮೊದಲೇ ಹೃದಯದ ಮಾತ್ರೆ ನಿಲ್ಲಿಸಿ ಇದನ್ನು ಕೊಟ್ಟೆವು. ಮಂಗಳವಾರ ಪರವಾಗಿಲ್ಲ ಅನ್ನಿಸಿತು. ಬ್ರೆಡ್ಡು ಹಾಲಿನಲ್ಲಿ ಅದ್ದಿ ಎರಡು ತುಂಡು ತಿಂದರು. ಕೂರಿಸಿದಾಗ ಎಲ್ಲ ಹೇಳಿದೆ. ಮೈಯಲ್ಲಿ ಎರಡು ಬಗೆ ಸೇರಿಕೊಂಡಿದ್ದವು, ನಾವಿಬ್ಬರೂ ಕೊಳೆ ಯಾರದು ಅಂತ ಕಿತ್ತಾಡಿದೆವು, ಅದಕ್ಕೇ ಮದ್ದು ತಡವಾಯಿತು ಅಂತ. ಒಂದನ್ನೂ ಮುಚ್ಚಿಡಲಿಲ್ಲ. ಎಲ್ಲ ಕೇಳಿಸಿಕೊಂಡು ಅಂದರು:

"ಒಬ್ಳು ಸೂಜಿ, ಒಬ್ಳು ಕತ್ರಿ. ಇಬ್ರೂ ಒಂದೇ ಡಬ್ಬೀಲಿ ಇರೋದು ಕಲೀರೇ."

ನಿನಗೆ ಸೂಜಿ ಅಂತ ಹೆಸರಿಟ್ಟವರು ನನ್ನನ್ನು ಮನಸ್ಸಿನಲ್ಲಿ ಕತ್ತರಿ ಅಂತ ಕರೆಯುತ್ತಿದ್ದರು ಅನ್ನುವುದು ಮದುವೆಯಾಗಿ ಇಷ್ಟು ವರ್ಷಕ್ಕೆ ಗೊತ್ತಾಯಿತು. ನಗು ಬಂತು. ಅವರೂ ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಹತ್ತಿತು.

ನಿನ್ನೆ ಮಧ್ಯಾಹ್ನದಿಂದ ಸರಿ ಇಲ್ಲ. ಎದೆಬಡಿತ ತಪ್ಪುತ್ತಿದೆ. ಶ್ವಾಸಕೋಶದಲ್ಲಿ ನೀರು. ಡಾಕ್ಟರು ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಗಂಟೆಗೊಮ್ಮೆ ಬಂದು ಹೋಗುತ್ತಿದ್ದಾರೆ. ನಾನು ಈ ಕೆಲಸದಲ್ಲಿ ಇರುವುದರಿಂದ ಅದರ ಅರ್ಥ ನನಗೆ ಗೊತ್ತು.

ಒಳಗೆ ಬಿಡುತ್ತಾರೆ. ನಾನು ಕೇಳಿ ಒಪ್ಪಿಸಿದ್ದೇನೆ. ಉತ್ತರ ಬರೆಯಬೇಡ, ನಿಮ್ಮಣ್ಣನ ಗಾಡಿಯಲ್ಲೇ ಬಂದುಬಿಡು.

ಅತ್ತಿಗೆ

—

ಮಂಗಳವಾರ, ಜೂನ್ 25

ಅತ್ತಿಗೆ,

ನಿನ್ನೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಇಷ್ಟು ದಿನ ಒಂದೇ ಮನೆಯಲ್ಲಿದ್ದೆವು, ಒಂದೇ ಒಲೆಯ ಮುಂದೆ ನಿಂತೆವು, ಬಂದವರಿಗೆಲ್ಲ ಚಹಾ ಕೊಟ್ಟೆವು. ಅಮ್ಮನ ಬಟ್ಟೆ ಮಡಿಸಿ ಇಡುವಾಗಲೂ ಯಾವುದು ಯಾರಿಗೆ ಅಂತಷ್ಟೇ ಮಾತಾಡಿದೆವು. ಕೇಳಬೇಕಾದ್ದನ್ನು ನಾನು ಕೇಳಲಿಲ್ಲ, ನೀವೂ ಎತ್ತಲಿಲ್ಲ. ಅಣ್ಣ ಮಧ್ಯೆ ಓಡಾಡಿಕೊಂಡು, ಇಬ್ಬರೂ ಊಟ ಮಾಡಿ ಊಟ ಮಾಡಿ ಅನ್ನುತ್ತಿದ್ದ.

ಅವತ್ತು ನಾನು ಬಂದಾಗ ಅಮ್ಮನಿಗೆ ನನ್ನ ಗುರುತು ಸಿಕ್ಕಿತಾ ಅಂತ ನನಗೆ ಇನ್ನೂ ಖಚಿತವಿಲ್ಲ. ಕೈ ಹಿಡಿದರು. ಕಣ್ಣು ಬಿಡಲಿಲ್ಲ. ಬಿಟ್ಟಿದ್ದರೂ ಅಷ್ಟು ಬಟ್ಟೆ, ಮಾಸ್ಕು, ಕನ್ನಡಕದೊಳಗೆ ಯಾರಾದರೂ ಒಂದೇ ಥರ ಕಾಣುತ್ತಾರೆ.

ಪೂರ್ತಿ ಓದಿದ ವರದಿ ಬಂತು. ಎರಡೂ ಬಗೆ ಇದ್ದದ್ದು ನಿಜ, ನಮ್ಮ ನಾಲ್ಕು ಗುರುತು ಸುಳ್ಳು ಹೇಳಿರಲಿಲ್ಲ. ನಮ್ಮ ವರದಿಯ ನಮೂನೆಯಲ್ಲೇ ಅದಕ್ಕೆ ಜಾಗ ಇರಲಿಲ್ಲ: ಹಳೆಯದು, ಹೊಸದು, ನಿರ್ಧರಿಸಲಾಗಿಲ್ಲ, ಇಷ್ಟೇ. ನಿನ್ನೆಯಿಂದ ನಾಲ್ಕನೇ ಸಾಲು ಸೇರಿಸಿದ್ದಾರೆ, 'ಎರಡೂ ಇರಬಹುದು, ಅದೇ ದಿನ ಡಾಕ್ಟರಿಗೆ ತಿಳಿಸಿ' ಅಂತ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮೇಡಂ ನನ್ನನ್ನು ಕರೆದು ಆ ಸಾಲನ್ನು ನೀನೇ ಬರೆ ಅಂದರು. ಬರೆದೆ. ಆಮೇಲೆ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಈಗ ಕೇಳುತ್ತೇನೆ. ಮೊದಲ ಮಂಗಳವಾರವೇ ನಾನು 'ಎರಡೂ' ಅಂತ ಬರೆದಿದ್ದರೆ ಅಮ್ಮ ಉಳಿಯುತ್ತಿದ್ದರಾ? ನೀವು ಹತ್ತಿರದಿಂದ ನೋಡಿದವರು. ನನಗೆ ಸಮಾಧಾನ ಹೇಳಬೇಡಿ.

ಸೂಜಿ

—

ಗುರುವಾರ, ಜೂನ್ 27

ಸೂಜಿ,

ನೀನು ಕೇಳುವ ಮೊದಲೇ ನಾನು ಡಾಕ್ಟರನ್ನು ಎರಡು ಸಲ ಕೇಳಿದ್ದೆ. ಉಳಿಯಬಹುದಿತ್ತು ಅಂದರು. ಬೇಗ ಕೊಟ್ಟಿದ್ದರೂ ಹೃದಯದ ಮಾತ್ರೆ ನಿಲ್ಲಿಸಲೇಬೇಕಿತ್ತು, ಆಗಲೇ ಹೀಗಾಗಿಬಿಡಬಹುದಿತ್ತು ಅಂತಲೂ ಅಂದರು. ಇಷ್ಟೇ ಯಾರಿಗಾದರೂ ಗೊತ್ತಿರುವುದು. ಸಮಾಧಾನ ಬೇಡ ಅಂದೆಯಲ್ಲ, ಇದು ಸಮಾಧಾನವಲ್ಲ.

ನಾನೂ ಒಂದು ಹೇಳಿಬಿಡುತ್ತೇನೆ. ಆ ದಿನಗಳಲ್ಲಿ ಇದು ನಿನ್ನ ತಪ್ಪಾಗಿರಲಿ ಅಂತ ನನಗೆ ತುಂಬ ಆಸೆ ಇತ್ತು. ನಿನ್ನ ತಟ್ಟೆಯ ಹನಿ ಹಾರಿದ್ದರೆ ನನ್ನ ವಾರ್ಡು ಉಳಿಯುತ್ತಿತ್ತು, ನಾನು ಆರಿಸಿದ ಹಾಸಿಗೆ ಉಳಿಯುತ್ತಿತ್ತು. ನಿನಗೂ ಹಾಗೇ ಅನ್ನಿಸಿರಬೇಕು, ಕೈಗವಸಿನ ಮೇಲೆ ಬಿದ್ದೆ. ಇಬ್ಬರೂ ನಮ್ಮ ನಮ್ಮ ಕೆಲಸದ ಮಾನ ಕಾಯುತ್ತಿದ್ದೆವು. ಅತ್ತೆಯನ್ನು ಕಾಯುವುದು ತಡವಾಯಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ನಮ್ಮಲ್ಲಿ ವರದಿ ಬರುವ ತನಕ ಹಾಸಿಗೆಗಳ ನಡುವೆ ಪೂರ್ತಿ ಪರದೆ. ಹೊಲಿಸಿದ್ದು ಬೇರೆ ಕಡೆ. ಹೊಲಿಗೆ ನೇರವಾಗಿಲ್ಲ.

ಇವತ್ತಿನ ಡಬ್ಬಿಯಲ್ಲಿ ಒಂಬತ್ತು ಟ್ಯೂಬು ಇವೆ. ಆರನೆಯದು ನನ್ನದು. ನಿನ್ನೆಯಿಂದ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಚಿಕ್ಕಂದಿನಿಂದ ನನಗೆ ಉಬ್ಬಸ ಇರುವುದು ನಿನಗೆ ಗೊತ್ತು. ನಿಮ್ಮಣ್ಣನಿಗೆ ಬರೀ ನೆಗಡಿ ಅಂದಿದ್ದೇನೆ, ಗಾಡಿ ಓಡಿಸುವವರಿಗೆ ದಾರಿಯ ಮೇಲೆ ಗಮನ ಇರಬೇಕು. ಅವರು ಅಲ್ಲಿಗೆ ತಲುಪಿದ ಮೇಲೆ ನೀನೇ ಹೇಳು.

ಈ ಸಲ ನಂಬರು ಹೇಳಿದ್ದೇನೆ. ನಿನ್ನ ಕಣ್ಣು ಏನು ಮಾಡುತ್ತದೋ ಮಾಡಲಿ. ಮೋಸ ಹೋದರೂ ನೀನೇ ನೋಡು.

ಅತ್ತಿಗೆ

—

ಶುಕ್ರವಾರ, ಜೂನ್ 28

ಅತ್ತಿಗೆ,

ಆರು: ಹೊಸದು. ಒಂದೇ. ಹಸಿರು ಎಲ್ಲೂ ಇಲ್ಲ. ನಾನೇ ಹಾಕಿದೆ, ನಾನೇ ಓದಿದೆ, ಆಮೇಲೆ ನಂಬರು ಮುಚ್ಚಿ ಪಕ್ಕದ ಮೇಜಿನವಳಿಂದ ಓದಿಸಿದೆ. ಅವಳೂ ಹೊಸದು ಅಂದಳು. ನಿನ್ನೆ ರಾತ್ರಿಯೇ ಡಾಕ್ಟರಿಗೆ ವರದಿ ಹೋಗಿದೆ. ನಿಮ್ಮನ್ನು ನಿಮ್ಮ ವಾರ್ಡಿಗೇ ಸೇರಿಸಿಕೊಂಡರು, ನೀವು ಮಾತ್ರೆ ನುಂಗಿದಿರಿ ಅಂತ ಅವರ ಬಾಯಿಂದಲೇ ಕೇಳಿಕೊಂಡೆ. ನಿಮ್ಮನ್ನು ಕೇಳಿದ್ದರೆ 'ಹಾಗೇ ಇದ್ದೇನೆ' ಅನ್ನುತ್ತಿದ್ದಿರಿ.

ಅಣ್ಣನಿಗೆ ಹೇಳಿದೆ. ಏನಿಲ್ಲ ಬಿಡು ಅನ್ನಲಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡಿದ್ದ. ಈಗ ಮತ್ತೆ ಓಡಿಸುತ್ತಿದ್ದಾನೆ, ನಾನು ಅವನ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ರಸ್ತೆ ಕೆಟ್ಟದ್ದು, ಅಕ್ಷರ ಓದಲು ಬರದಿದ್ದರೆ ಬೈಯಿರಿ. ಒಂದು ವಾರ ರಜೆ ಹಾಕಿದ್ದೇನೆ. ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತೇನೆ, ಆಸ್ಪತ್ರೆಯ ಬಾಗಿಲ ತನಕ ದಿನಾ ಬರುತ್ತೇನೆ. ಬೇಡ ಅನ್ನುವ ಹಾಗಿಲ್ಲ.

ಬೇಗ ಗುಣವಾಗಿ. ಅಮ್ಮ ಹೋದರು. ನೀವೂ ಹೋದರೆ ಈ ಜಗತ್ತಿನಲ್ಲಿ ನನ್ನ ಜೊತೆ ಜಗಳ ಆಡುವವರು ಯಾರೂ ಉಳಿಯುವುದಿಲ್ಲ.

ಸೂಜಿ